ವಾರಂಟಿ ಮುಗಿದ ಮೇಲೆ ಸ್ಮಾರ್ಟ್‌ವಾಚ್: ಬ್ಯಾಟರಿಗೆ ಎಷ್ಟು ಆಯುಷ್ಯ, ನೀರಿನಲ್ಲಿ ಎಷ್ಟು ಭರವಸೆ?

ಬೆಂಗಳೂರು: ಸ್ಮಾರ್ಟ್‌ವಾಚ್ ಪೆಟ್ಟಿಗೆಯ ಮೇಲೆ ‘50 ಮೀಟರ್’ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಒಳಗಿನ ವಾರಂಟಿ ಪತ್ರದಲ್ಲಿ ‘1 ವರ್ಷ’ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ನೀರು ಹೊಕ್ಕು ಆದ ಹಾನಿಗೆ ಹಾಗೂ ಬ್ಯಾಟರಿಯ ಸಹಜ ಸವಕಳಿಗೆ ವಾರಂಟಿ ಅನ್ವಯಿಸದು ಎಂಬ ಸಾಲೂ ಬಹಳಷ್ಟು ಪತ್ರಗಳಲ್ಲಿ ಸೇರಿರುತ್ತದೆ. ಗ್ರಾಹಕರು ಮೊದಲನೆಯದನ್ನು ಓದಿ ಹಣ ಕೊಡುತ್ತಾರೆ. ಎರಡನೆಯದನ್ನು ಓದುವುದು ಗಡಿಯಾರ ಕೆಟ್ಟ ದಿನವೇ.

ಸ್ಮಾರ್ಟ್‌ವಾಚ್‌ಗಳು ವಾರಂಟಿ ಮುಗಿದ ಬಳಿಕ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳುಂಟು. ಒಂದು, ಬ್ಯಾಟರಿ ಸೊರಗುವುದು. ಇನ್ನೊಂದು, ನೀರು ಒಳಹೊಗುವುದು. ಇವೆರಡನ್ನೂ ಬೇರೆ ಬೇರೆ ತೊಂದರೆಗಳೆಂದು ತಿಳಿಯುವುದು ವಾಡಿಕೆ. ವಾಸ್ತವದಲ್ಲಿ ಇವು ಒಂದೇ ಹೆಣಿಗೆಯ ಎರಡು ಎಳೆಗಳು. ನೀರನ್ನು ಹೊರಗಿಡಲು ಹಾಕಿದ ಅಂಟೇ ದುರಸ್ತಿ ಮಾಡುವವನನ್ನೂ ಹೊರಗಿಡುತ್ತದೆ. ಬ್ಯಾಟರಿ ಬದಲಿಸಲು ಗಡಿಯಾರವನ್ನು ತೆರೆದರೆ ಜಲನಿರೋಧಕ ಬೆಸುಗೆ ಹರಿಯುತ್ತದೆ. ಬದಲಿಸದೆ ಬಿಟ್ಟರೆ ಮುಪ್ಪಾದ ಬ್ಯಾಟರಿ ಉಬ್ಬಿ, ಅದೇ ಬೆಸುಗೆಯನ್ನು ಒಳಗಿನಿಂದ ಎಬ್ಬಿಸಬಹುದು. ಹೀಗಾಗಿ ಈ ವಸ್ತುವಿನ ಬಾಳಿಕೆಯನ್ನು ಅಳೆಯುವಾಗ ಎರಡನ್ನೂ ಒಟ್ಟಾಗಿ ನೋಡುವುದು ಅಗತ್ಯ.

ಬ್ಯಾಟರಿ ಸೊರಗುವುದೇಕೆ?

ಸ್ಮಾರ್ಟ್‌ವಾಚ್‌ಗಳಲ್ಲಿ ಬಳಸುವುದು ಲಿಥಿಯಂ ಅಯಾನು ಬ್ಯಾಟರಿ. ಇದನ್ನು ವಾಣಿಜ್ಯ ಬಳಕೆಗೆ ಮೊದಲು ತಂದದ್ದು ಜಪಾನಿನ ಸೋನಿ ಸಂಸ್ಥೆ, 1991ರಲ್ಲಿ. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಹಾಗೂ ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ಸಂದಿತು.

ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರದೊಳಗೆ ಸೇರುತ್ತವೆ. ಬಳಸುವಾಗ ಅಲ್ಲಿಂದ ಮರಳುತ್ತವೆ. ಈ ಓಡಾಟದಲ್ಲಿ ಗ್ರಾಫೈಟ್‌ನ ಮೇಲ್ಮೈಯಲ್ಲಿ ತೆಳುವಾದ ಪೊರೆಯೊಂದು ಬೆಳೆಯುತ್ತಾ ಹೋಗುತ್ತದೆ. ಪೊರೆಯಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ಬ್ಯಾಟರಿಯ ಸಾಮರ್ಥ್ಯ ಕುಗ್ಗುವುದಕ್ಕೆ ಇದು ಪ್ರಮುಖ ಕಾರಣ. ಇದನ್ನು ನಿಧಾನಗೊಳಿಸಬಹುದೇ ಹೊರತು ನಿಲ್ಲಿಸಲಾಗದು.

ಸವಕಳಿಯನ್ನು ‘ಚಾರ್ಜ್ ಆವರ್ತ’ಗಳ ಲೆಕ್ಕದಲ್ಲಿ ಹೇಳುವುದುಂಟು. ಒಟ್ಟು ಶೇ. 100ರಷ್ಟು ಶಕ್ತಿ ಬಳಸಿದರೆ ಒಂದು ಆವರ್ತ. ಇಂದು ಅರ್ಧ, ನಾಳೆ ಅರ್ಧ ಬಳಸಿದರೂ ಎರಡೂ ಸೇರಿ ಒಂದೇ ಆವರ್ತ. ತನ್ನ ಗಡಿಯಾರಗಳ ಬ್ಯಾಟರಿಯನ್ನು 1000 ಪೂರ್ಣ ಆವರ್ತಗಳ ಬಳಿಕವೂ ಮೂಲ ಸಾಮರ್ಥ್ಯದ ಶೇ. 80ರವರೆಗೆ ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎಂದು ಆಪಲ್ ಸಂಸ್ಥೆ ಹೇಳುತ್ತದೆ. ದಿನಕ್ಕೊಂದು ಆವರ್ತದಂತೆ ಲೆಕ್ಕ ಹಾಕಿದರೆ 1000 ಆವರ್ತಗಳು ಮುಗಿಯಲು ಸುಮಾರು 2 ವರ್ಷ 9 ತಿಂಗಳು ಬೇಕು. ವಾರಂಟಿ ಮುಗಿದು ಆಗಲೇ ಬಹುಕಾಲ ಸಂದಿರುತ್ತದೆ.

ಶೇ. 20ರಷ್ಟು ಕೊರತೆ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು. ಕೈಗೆ ಕಟ್ಟಿದಾಗ ಹಾಗಲ್ಲ. ಹೊಸದರಲ್ಲಿ 18 ಗಂಟೆ ಓಡುತ್ತಿದ್ದ ಗಡಿಯಾರ ಆಗ 14 ಗಂಟೆ 24 ನಿಮಿಷ ಓಡುತ್ತದೆ. ಬೆಳಿಗ್ಗೆ 6ಕ್ಕೆ ಕಟ್ಟಿಕೊಂಡದ್ದು ಮಧ್ಯರಾತ್ರಿಯವರೆಗೆ ಬಾಳುವ ಬದಲು ರಾತ್ರಿ ಎಂಟೂವರೆಯ ಹೊತ್ತಿಗೇ ಕಣ್ಣು ಮುಚ್ಚುತ್ತದೆ. ಫೋನಿನಲ್ಲಿ 4000ದಿಂದ 5000 ಎಂಎಎಚ್ ಬ್ಯಾಟರಿ ಸಾಮಾನ್ಯವಾದರೆ, ಗಡಿಯಾರಗಳಲ್ಲಿ ಅದು ಬಹುತೇಕ ಕೆಲವು ನೂರು ಎಂಎಎಚ್ ಮಾತ್ರ. ಸಣ್ಣ ಕೊಡದಲ್ಲಿ ಬಿದ್ದ ಸಣ್ಣ ತೂತೂ ಬೇಗ ಗೊತ್ತಾಗುತ್ತದೆ.

ವಾರಕ್ಕೊಮ್ಮೆ ಚಾರ್ಜ್ ಮಾಡುವ ಗಡಿಯಾರಗಳಿಗೆ ವರ್ಷಕ್ಕೆ ಸುಮಾರು 52 ಆವರ್ತಗಳು ಮಾತ್ರ ಆಗುವುದರಿಂದ, ಈ ಲೆಕ್ಕದಲ್ಲಿ ಅವುಗಳ ಆಯುಷ್ಯ ಹೆಚ್ಚು. ಆದರೆ ಬ್ಯಾಟರಿ ಬಳಕೆಯಿಂದ ಮಾತ್ರವಲ್ಲ, ಕಾಲದಿಂದಲೂ ಮುಪ್ಪಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ಬ್ಯಾಟರಿಯೂ ಸವೆಯುತ್ತದೆ. ಪೂರ್ಣ ಚಾರ್ಜಿನಲ್ಲಿ, ಬಿಸಿಯಲ್ಲಿ ಇಟ್ಟರೆ ಇನ್ನೂ ಬೇಗ ಸವೆಯುತ್ತದೆ. ಗಡಿಯಾರವನ್ನು ಬಳಸಲು ಆಪಲ್ ಸೂಚಿಸುವ ವಾತಾವರಣದ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸತೇನಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಗಡಿಯಾರ ಬಿಟ್ಟು ಹೋಗುವುದು ಬೆಂಗಳೂರಿನಲ್ಲೂ ಒಳಿತಲ್ಲ.

ಇನ್ನೊಂದು ಲಕ್ಷಣವೂ ಗಮನಾರ್ಹ. ಹಳೆಯದಾದಂತೆ ಬ್ಯಾಟರಿಯ ಒಳತಡೆ ಏರುತ್ತದೆ. ಆಗ ಶೇ. 20 ಚಾರ್ಜ್ ಉಳಿದಿದೆ ಎಂದು ತೋರಿಸುತ್ತಿರುವಾಗಲೇ, ಜಿಪಿಎಸ್ ಚಾಲೂ ಮಾಡಿದೊಡನೆ ಅಥವಾ ಕರೆ ಸ್ವೀಕರಿಸಿದೊಡನೆ ಗಡಿಯಾರ ತಟ್ಟನೆ ಆರಿಹೋಗಬಹುದು. ತಂತ್ರಾಂಶದ ದೋಷದಿಂದಲೂ ಹೀಗಾಗುವುದುಂಟು. ತಂತ್ರಾಂಶವನ್ನು ನವೀಕರಿಸಿ, ಮರುಹೊಂದಿಕೆ ಮಾಡಿದ ಮೇಲೂ ತೊಂದರೆ ಮುಂದುವರಿದರೆ ಬ್ಯಾಟರಿಯನ್ನು ಅನುಮಾನಿಸಬೇಕು.

ಉಬ್ಬಿದ ಬ್ಯಾಟರಿ: ಎಚ್ಚರಿಕೆಯ ಗಂಟೆ

ಸಾಮರ್ಥ್ಯ ಕುಗ್ಗುವುದು ಅನನುಕೂಲ; ಉಬ್ಬುವುದು ಅಪಾಯ. ಬ್ಯಾಟರಿಯೊಳಗಿನ ರಾಸಾಯನಿಕ ದ್ರಾವಣ ಕೆಟ್ಟಾಗ ಅನಿಲ ಉತ್ಪತ್ತಿಯಾಗುತ್ತದೆ. ಗಡಿಯಾರದ ಬ್ಯಾಟರಿಗಳಲ್ಲಿ ಹಲವು ಮೃದುವಾದ ಚೀಲದ ಮಾದರಿಯವು. ಅನಿಲ ತುಂಬಿದರೆ ಉಬ್ಬುತ್ತವೆ. ಮೇಲಿರುವ ಪರದೆ ಅಥವಾ ಕೆಳಗಿರುವ ಹಿಂಬದಿ ಮುಚ್ಚಳ ತನ್ನ ಅಂಚಿನಿಂದ ಮೇಲೇಳುತ್ತದೆ.

2018ರಲ್ಲಿ ಆಪಲ್ ಸಂಸ್ಥೆ ತನ್ನ ‘ಸೀರೀಸ್ 2’ ಶ್ರೇಣಿಯ 42 ಮಿಲಿಮೀಟರ್ ಗಡಿಯಾರಗಳಲ್ಲಿ ಬ್ಯಾಟರಿ ಉಬ್ಬಿದರೆ ಅಥವಾ ಗಡಿಯಾರ ಚಾಲೂ ಆಗದಿದ್ದರೆ, ಖರೀದಿಸಿದ ದಿನದಿಂದ 3 ವರ್ಷಗಳವರೆಗೆ ಉಚಿತವಾಗಿ ಸರಿಪಡಿಸುವ ವ್ಯವಸ್ಥೆಯನ್ನು ಕೆಲವು ದೇಶಗಳಲ್ಲಿ ಮಾಡಿತು. ಒಂದು ವರ್ಷದ ವಾರಂಟಿ ಮುಗಿದಿದ್ದವರಿಗೂ ಇದು ಅನ್ವಯವಾಯಿತು.

ಇದಕ್ಕಿಂತ ಗಂಭೀರವಾದದ್ದು ಫಿಟ್‌ಬಿಟ್ ಸಂಸ್ಥೆಯ ‘ಅಯಾನಿಕ್’ ಪ್ರಕರಣ. 2017ರಲ್ಲಿ ಮಾರುಕಟ್ಟೆಗೆ ಬಂದ ಈ ಗಡಿಯಾರಗಳನ್ನು 2022ರ ಮಾರ್ಚ್ 2ರಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಟಣೆಯೊಂದಿಗೆ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಆ ದೇಶದಲ್ಲಿ ಸುಮಾರು 10 ಲಕ್ಷ ಹಾಗೂ ಇತರೆಡೆ ಸುಮಾರು 6.93 ಲಕ್ಷ ಗಡಿಯಾರಗಳು ಮಾರಾಟವಾಗಿದ್ದವು. ಬ್ಯಾಟರಿ ಅತಿಯಾಗಿ ಬಿಸಿಯಾದ ಬಗ್ಗೆ ಅಮೆರಿಕದಲ್ಲಿ 115, ಹೊರಗೆ 59 ದೂರುಗಳು ಬಂದಿದ್ದವು. ಸುಟ್ಟಗಾಯಗಳ ವರದಿಗಳು ಅಮೆರಿಕದಲ್ಲಿ 78, ಹೊರಗೆ 40. ಗ್ರಾಹಕರಿಗೆ 299 ಡಾಲರ್ ಮರುಪಾವತಿ ಘೋಷಿಸಲಾಯಿತು. ಆ ಮಾದರಿಯ ತಯಾರಿಕೆ 2020ರಲ್ಲೇ ನಿಂತಿತ್ತು. ಅಂದರೆ ಹಿಂದಕ್ಕೆ ಕರೆದ ದಿನದಂದು ಬಳಕೆಯಲ್ಲಿದ್ದ ಅನೇಕ ಗಡಿಯಾರಗಳು ವಾರಂಟಿ ಮುಗಿದವೇ ಆಗಿದ್ದವು.

ಪರದೆ ಒಂದು ಬದಿಯಲ್ಲಿ ಎದ್ದಂತೆ ಕಂಡರೆ, ಅಂಚಿನಲ್ಲಿ ಸಂದು ಬಿಟ್ಟರೆ, ಸುಮ್ಮನೆ ಇಟ್ಟಾಗಲೂ ಬಿಸಿಯಾದರೆ ಕೂಡಲೇ ಕೈಯಿಂದ ಬಿಚ್ಚಬೇಕು. ಚಾರ್ಜ್ ಹಾಕಬಾರದು. ಎದ್ದ ಪರದೆಯನ್ನು ಒತ್ತಿ ಕೂರಿಸಬಾರದು, ಚುಚ್ಚಬಾರದು. ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು ಸೇವಾ ಕೇಂದ್ರಕ್ಕೆ ಒಪ್ಪಿಸಬೇಕು.

‘50 ಮೀಟರ್’ ಎಂದರೇನು?

ನೀರಿನ ವಿಷಯದಲ್ಲಿ ಗ್ರಾಹಕರು ಮೊದಲು ತಿಳಿಯಬೇಕಾದದ್ದು ಈ ಸಂಖ್ಯೆಯ ಅರ್ಥ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ‘5 ಎಟಿಎಂ’ ಎಂದರೂ ‘50 ಮೀಟರ್’ ಎಂದರೂ ಒಂದೇ. ಇದು ಪ್ರಯೋಗಾಲಯದಲ್ಲಿ, ಅಲುಗಾಡದ ನೀರಿನ ಒತ್ತಡದಲ್ಲಿ, ಹೊಸ ಗಡಿಯಾರಕ್ಕೆ ನಡೆಸಿದ ಪರೀಕ್ಷೆಯ ಅಳತೆ. ಅದನ್ನು ಕಟ್ಟಿಕೊಂಡು 50 ಮೀಟರ್ ಆಳಕ್ಕೆ ಮುಳುಗಬಹುದು ಎಂಬ ಅಭಯವಲ್ಲ.

ಸಾಮಾನ್ಯ ಕೈಗಡಿಯಾರಗಳ ಜಲನಿರೋಧಕತೆಗೆ ‘ಐಎಸ್ಒ 22810’ ಎಂಬ ಅಂತರರಾಷ್ಟ್ರೀಯ ಮಾನಕ 2010ರಿಂದ ಇದೆ. ಮುಳುಗುಗಾರರ ಗಡಿಯಾರಗಳಿಗೆ ‘ಐಎಸ್ಒ 6425’ ಎಂಬ ಬೇರೆಯದೇ, ಹೆಚ್ಚು ಕಠಿಣವಾದ ಮಾನಕವಿದೆ. ಮೊದಲ ಮಾನಕದಂತೆ 50 ಮೀಟರ್ ಗುರುತು ಪಡೆದ ತನ್ನ ಗಡಿಯಾರಗಳನ್ನು ಈಜುಕೊಳದಂತಹ ಆಳವಿಲ್ಲದ ನೀರಿನಲ್ಲಿ ಬಳಸಬಹುದು, ಆದರೆ ಸ್ಕೂಬಾ ಮುಳುಗಾಟಕ್ಕೆ ಅಥವಾ ವೇಗವಾಗಿ ನುಗ್ಗುವ ನೀರಿನ ಕ್ರೀಡೆಗಳಿಗೆ ಬಳಸಬಾರದು ಎಂದು ಆಪಲ್ ತಿಳಿಸುತ್ತದೆ. ಜಲನಿರೋಧಕತೆ ಶಾಶ್ವತವಲ್ಲ, ಕಾಲಕ್ರಮೇಣ ಕುಗ್ಗಬಹುದು, ಅದನ್ನು ಮತ್ತೆ ಪರೀಕ್ಷಿಸಲು ಅಥವಾ ಮರಳಿ ಮುಚ್ಚಲು ಆಗದು ಎಂಬುದನ್ನೂ ಅದೇ ಸಂಸ್ಥೆ ಹೇಳುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಗಿಂತ ಈ ವಾಕ್ಯ ಹೆಚ್ಚು ಮುಖ್ಯ.

ಕಡಿಮೆ ಬೆಲೆಯ ಗಡಿಯಾರಗಳಲ್ಲಿ ‘ಐಪಿ67’, ‘ಐಪಿ68’ ಎಂಬ ಗುರುತುಗಳು ಹೆಚ್ಚು. ಮೊದಲ ಅಂಕಿ 6 ಧೂಳಿನಿಂದ ಪೂರ್ಣ ರಕ್ಷಣೆಯನ್ನೂ, ಎರಡನೆಯ ಅಂಕಿ ನೀರಿನಿಂದ ರಕ್ಷಣೆಯನ್ನೂ ಸೂಚಿಸುತ್ತದೆ. 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. 8 ಎಂದರೆ ಅದಕ್ಕಿಂತ ಕಠಿಣವಾದ, ಆದರೆ ತಯಾರಕರೇ ನಿಗದಿಪಡಿಸಿದ ಷರತ್ತು. ಹೀಗಾಗಿ ‘ಐಪಿ68’ ಎಂಬ ಒಂದೇ ಗುರುತು ಎರಡು ಕಂಪನಿಗಳಲ್ಲಿ ಎರಡು ಆಳ, ಎರಡು ಅವಧಿಗಳನ್ನು ಸೂಚಿಸಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ಮುಳುಗಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ವಸ್ತು ರಭಸದ ನೀರಿನ ಧಾರೆಯನ್ನೂ ತಡೆಯುತ್ತದೆ ಎಂದು ಈ ಮಾನಕ ಹೇಳುವುದಿಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ. ಬಕೆಟ್ಟಿನಲ್ಲಿ ಬಿದ್ದು ಉಳಿದ ಗಡಿಯಾರ ನಲ್ಲಿಯ ಧಾರೆಗೆ ಸೋಲಬಹುದು.

ಬೆಸುಗೆಯನ್ನು ಸವೆಸುವುದು ಯಾವುದು?

ನೀರನ್ನು ತಡೆಯುವುದು ಮುಖ್ಯವಾಗಿ ಪರದೆಯ ಸುತ್ತಲಿನ ಅಂಟು, ಗುಂಡಿಗಳ ಸುತ್ತಲಿನ ರಬ್ಬರ್ ಬಳೆ, ಸ್ಪೀಕರ್ ಮತ್ತು ಮೈಕ್ ರಂಧ್ರಗಳ ಹಿಂದಿನ ತೆಳು ಪೊರೆ. ಈ ಮೂರೂ ಸವೆಯುವ ವಸ್ತುಗಳು. ಕೆಳಗೆ ಬಿದ್ದ ಒಂದೇ ಪೆಟ್ಟಿಗೆ ಅಂಟು ಕೂದಲೆಳೆಯಷ್ಟು ಬಿಡಬಹುದು; ಹೊರಗೆ ಕಾಣದು. ಸೋಪು, ಶಾಂಪೂ, ಸುಗಂಧದ್ರವ್ಯ, ಸನ್‌ಸ್ಕ್ರೀನ್, ಕೀಟ ನಿವಾರಕ ಮುಲಾಮುಗಳು ರಬ್ಬರ್ ಮತ್ತು ಅಂಟನ್ನು ಕೆಡಿಸುತ್ತವೆ. ಸೋಪು ನೀರಿನ ಮೇಲ್ಮೈ ಸೆಳೆತವನ್ನೂ ತಗ್ಗಿಸುವುದರಿಂದ, ಬರಿಯ ನೀರು ನುಗ್ಗಲಾಗದ ಸಂದಿನಲ್ಲಿ ಸೋಪಿನ ನೀರು ನುಗ್ಗುತ್ತದೆ.

ಬಿಸಿನೀರಿನ ಸ್ನಾನದಲ್ಲಿ ಗಡಿಯಾರ ಕಾದು, ಬಳಿಕ ತಣ್ಣೀರು ತಾಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸಂದು ಇದ್ದಲ್ಲಿ ಹೊರಗಿನ ತೇವವನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಸಮುದ್ರದ ಉಪ್ಪುನೀರು, ಈಜುಕೊಳದ ಕ್ಲೋರಿನ್ ಹಾಗೂ ಬೆವರು ಚಾರ್ಜಿಂಗ್ ಪಿನ್ನುಗಳಿಗೆ ಶತ್ರು. ಒದ್ದೆ ಪಿನ್ನಿಗೆ ಚಾರ್ಜರ್ ತಾಗಿಸಿದರೆ ವಿದ್ಯುತ್ ಹರಿದು ಲೋಹ ಬೇಗ ತುಕ್ಕು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಎಚ್ಚರ ಹೆಚ್ಚೇ ಬೇಕು.

ಗಾಜಿನ ಒಳಮೈಯಲ್ಲಿ ಮಂಜು ಕಟ್ಟುವುದು ಬೆಸುಗೆ ಸೋತಿದೆ ಎಂಬುದಕ್ಕೆ ಸಾಕ್ಷಿ. ಗಡಿಯಾರ ಉದ್ಯಮದ ಪರೀಕ್ಷೆಯೂ ಇದೇ ತತ್ವದ್ದು: ತುಸು ಬೆಚ್ಚಗೆ ಮಾಡಿದ ಗಡಿಯಾರದ ಗಾಜಿನ ಮೇಲೆ ತಣ್ಣೀರಿನ ಹನಿಯಿಟ್ಟು, ಒರೆಸಿ, ಒಳಗೆ ಮಂಜು ಕಂಡರೆ ಅದು ಅನುತ್ತೀರ್ಣ. ಮಂಜು ತಾನಾಗಿ ಆರಿತೆಂದು ಸುಮ್ಮನಿರುವುದು ಸರಿಯಲ್ಲ. ತೇವ ಹೋದರೂ ಬಂದ ದಾರಿ ಉಳಿದಿರುತ್ತದೆ.

ಒಮ್ಮೆ ತೆರೆದ ಮೇಲೆ

ಬೆಂಗಳೂರಿಗೆ ಗಡಿಯಾರದ ನಂಟು ಹಳೆಯದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಎಚ್ಎಂಟಿ ಇಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. 2016ರಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದರೂ, ಅದರ ಕೀ ಕೊಡುವ ಗಡಿಯಾರಗಳು ಇಂದಿಗೂ ಹಲವರ ಕೈಯಲ್ಲಿ ನಡೆಯುತ್ತಿವೆ. ಕಾರಣ ಸರಳ: ಹಿಂಬದಿಯ ಮುಚ್ಚಳ ತೆಗೆದು, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಮುಚ್ಚಬಹುದಾದ ಯಂತ್ರ ಅದು.

ಸ್ಮಾರ್ಟ್‌ವಾಚ್‌ಗಳಲ್ಲಿ ಬಹುತೇಕ ಹಾಗಿಲ್ಲ. ಅಂಟನ್ನು ಬಿಸಿಯಿಂದ ಮೆದುಗೊಳಿಸಿ, ತೆಳುವಾದ ಪಟ್ಟಿಯಿಂದ ಪರದೆಯನ್ನು ಎಬ್ಬಿಸಬೇಕು. ಪರದೆಗೆ ಸೇರಿದ ಪಟ್ಟಿತಂತಿ ತುಂಡಾಗುವ, ಬ್ಯಾಟರಿಗೆ ಉಪಕರಣ ತಾಗುವ ಅಪಾಯ ಇದ್ದೇ ಇದೆ. ಹೊಸ ಬ್ಯಾಟರಿ ಕೂರಿಸಿ ಹೊಸ ಅಂಟು ಹಚ್ಚಿದರೂ, ಒತ್ತಡ ಪರೀಕ್ಷಿಸುವ ಯಂತ್ರವಿಲ್ಲದೆ ಆ ಬೆಸುಗೆ ಎಷ್ಟು ಗಟ್ಟಿ ಎಂದು ಹೇಳಲಾಗದು. ಆದ್ದರಿಂದ ಹೊರಗಿನ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿದ ಗಡಿಯಾರವನ್ನು ಜಲನಿರೋಧಕವಲ್ಲ ಎಂದೇ ಪರಿಗಣಿಸುವುದು ಕ್ಷೇಮ. ಕೈ ತೊಳೆಯುವಾಗಲೂ ಬಿಚ್ಚಿಡುವ ಅಭ್ಯಾಸವಿದ್ದರೆ, ಅಂತಹ ಗಡಿಯಾರವೂ ಇನ್ನಷ್ಟು ಕಾಲ ಉಪಯೋಗಕ್ಕೆ ಬರುತ್ತದೆ.

ಜಾಹೀರಾತಿಗೆ ದಂಡ

ಪೆಟ್ಟಿಗೆಯ ಮಾತಿಗೂ ವಾರಂಟಿಯ ಮಾತಿಗೂ ಇರುವ ಅಂತರವನ್ನು ವಿದೇಶಗಳ ಪ್ರಾಧಿಕಾರಗಳು ಫೋನ್‌ಗಳ ವಿಷಯದಲ್ಲಿ ಪ್ರಶ್ನಿಸಿವೆ. 2020ರ ನವೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯುರೋ ದಂಡ ವಿಧಿಸಿತು. ಐಫೋನ್‌ನ ಜಲನಿರೋಧಕತೆ ಪ್ರಯೋಗಾಲಯದ ನಿಶ್ಚಿತ ಷರತ್ತುಗಳಲ್ಲಿ ಮಾತ್ರ ನಿಜವೆಂಬುದನ್ನು ಸ್ಪಷ್ಟಪಡಿಸಿರಲಿಲ್ಲ, ನೀರಿನ ಹಾನಿಗೆ ವಾರಂಟಿಯನ್ನೂ ನಿರಾಕರಿಸಲಾಗುತ್ತಿತ್ತು ಎಂಬುದು ಆಕ್ಷೇಪ. 2022ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಅಲ್ಲಿನ ಸ್ಯಾಮ್‌ಸಂಗ್ ಸಂಸ್ಥೆಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಕೆಲವು ಗ್ಯಾಲಕ್ಸಿ ಫೋನ್‌ಗಳನ್ನು ಈಜುಕೊಳ, ಸಮುದ್ರದ ನೀರಿನಲ್ಲಿ ಬಳಸಬಹುದೆಂದು ಜಾಹೀರಾತು ನೀಡಲಾಗಿತ್ತು; ಒದ್ದೆಯಾಗಿರುವಾಗಲೇ ಚಾರ್ಜ್ ಮಾಡಿದರೆ ಅವುಗಳ ಚಾರ್ಜಿಂಗ್ ಕಿಂಡಿ ತುಕ್ಕು ಹಿಡಿಯುವ ಸಾಧ್ಯತೆ ಇತ್ತು.

ಭಾರತದಲ್ಲಿ 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೋಷಯುಕ್ತ ವಸ್ತುವಿನ ಬಗ್ಗೆ ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಗ್ರಾಹಕರ ಆಯೋಗಕ್ಕೆ ಹೋಗಲು ಅವಕಾಶವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಸಹಜ ಸವಕಳಿ ದೋಷವಾಗದು. ತಯಾರಿಕೆಯ ದೋಷ ಎಂಬುದನ್ನು ತೋರಿಸಬೇಕಾಗುತ್ತದೆ. ಅಗತ್ಯವೆನಿಸಿದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದ್ದರಿಂದ ದೂರು ನೀಡುವ ಯೋಚನೆಯಿದ್ದವರು ಗಡಿಯಾರವನ್ನು ಹೊರಗಿನವರಿಂದ ತೆರೆಸದಿರುವುದು ಒಳ್ಳೆಯದು. ಬ್ಯಾಟರಿಯಿಂದ ಮೈಗೆ ಗಾಯವಾದರೆ ಅದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಅನ್ವಯವಾಗುತ್ತದೆ.

ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿದ್ದು, ತಯಾರಕರ ದುರಸ್ತಿ ಮಾಹಿತಿಯನ್ನು ಒಂದೆಡೆ ಒದಗಿಸುವುದು ಅದರ ಉದ್ದೇಶ.

ಗ್ರಾಹಕರು ಗಮನಿಸಬೇಕಾದ ಅಂಶಗಳು

ಖರೀದಿಗೆ ಮುನ್ನ: ವಾರಂಟಿ ಮುಗಿದ ಮೇಲೆ ಬ್ಯಾಟರಿ ಬದಲಿಸಿಕೊಡುತ್ತಾರೆಯೇ, ಅದಕ್ಕೆ ಎಷ್ಟು ಹಣ, ಬದಲಿಸಿದ ಬಳಿಕ ಜಲನಿರೋಧಕತೆಯ ಭರವಸೆ ಉಂಟೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಉತ್ತರವಿಲ್ಲದಿದ್ದರೆ, ಆ ಬೆಲೆಯನ್ನು ಎರಡು ಮೂರು ವರ್ಷಗಳ ಬಾಡಿಗೆ ಎಂದು ಭಾಗಿಸಿ ನೋಡಿ ನಿರ್ಧರಿಸಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ವಾರಂಟಿ ಮುಗಿಯುವ ಒಂದು ತಿಂಗಳು ಮುಂಚೆ: ಪೂರ್ಣ ಚಾರ್ಜಿನಿಂದ ಎಷ್ಟು ಗಂಟೆ ಓಡುತ್ತದೆ ಎಂದು ಬರೆದಿಟ್ಟು ಹೊಸದರ ಅವಧಿಯೊಂದಿಗೆ ಹೋಲಿಸಬೇಕು. ಗಾಜಿನ ಅಂಚು, ಗುಂಡಿ, ಚಾರ್ಜಿಂಗ್ ಪಿನ್ನುಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಸಂಶಯವಿದ್ದರೆ ಅವಧಿಯೊಳಗೇ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಖರೀದಿ ರಸೀದಿಯನ್ನು ಜೋಪಾನವಾಗಿಡಬೇಕು.

ವಾರಂಟಿ ಮುಗಿದ ಮೇಲೆ: ಈಜು, ಬಿಸಿನೀರಿನ ಸ್ನಾನದ ವೇಳೆ ಬಿಚ್ಚಿಡಬೇಕು. ಬೆವರಿದ ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ಣ ಒಣಗಿದ ಮೇಲೆಯೇ ಚಾರ್ಜ್ ಹಾಕಬೇಕು. ಬಹುದಿನ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಬೇಕು.

ಕೆಟ್ಟುಹೋದಾಗ: ಮನೆಯ ಕಸದೊಂದಿಗೆ ಎಸೆಯಬಾರದು. ಕಸದ ಲಾರಿಯಲ್ಲಿ ಜಜ್ಜಿದ ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಸಬಲ್ಲದು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಇಂತಹ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಅಥವಾ ಕಂಪನಿಯ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಸೂಕ್ತ.

ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮಾವಳಿಯು, ಉಪಕರಣಗಳಲ್ಲಿನ ಸಣ್ಣ ಬ್ಯಾಟರಿಗಳನ್ನು ಬಳಕೆದಾರರೇ ಬದಲಿಸುವಂತಿರಬೇಕು ಎಂದು 2027ರ ಫೆಬ್ರುವರಿ 18ರ ಗಡುವು ಹಾಕಿದೆ. ಮುಖ್ಯವಾಗಿ ನೀರಿನಲ್ಲೇ ಬಳಸಲು ರೂಪಿಸಿದ, ತೊಳೆಯಬಹುದಾದ ಉಪಕರಣಗಳಿಗೆ ಮಾತ್ರ, ಪರಿಣತ ದುರಸ್ತಿಗಾರರು ಬದಲಿಸುವಂತಿದ್ದರೆ ಸಾಕೆಂಬ ವಿನಾಯಿತಿ ಅದರಲ್ಲಿದೆ. ನೀರನ್ನೂ ತಡೆದು, ದುರಸ್ತಿಗೂ ಬಗ್ಗುವ ಗಡಿಯಾರವನ್ನು ಮಾಡುವುದು ಎಷ್ಟು ಕಷ್ಟ ಎಂಬುದನ್ನು ಆ ವಿನಾಯಿತಿಯೇ ಹೇಳುತ್ತದೆ. ಅಂತಹ ಗಡಿಯಾರ ಸಾಮಾನ್ಯವಾಗುವವರೆಗೆ, ಬ್ಯಾಟರಿಯ ಆಯುಷ್ಯವನ್ನೇ ಗಡಿಯಾರದ ಆಯುಷ್ಯವೆಂದು ತಿಳಿದು ಹಣ ಹೂಡುವುದು ವಿವೇಕ.